ಕೆರೆ ಏರಿಯ ಮೇಲೆ ಹಕ್ಕಿಗಳ ಹಾಜರಿ

ಚಳಿಗಾಲದ ಅತಿಥಿಗಳು ಊರಿಗೆ ಹೊರಡುವ, ನಮ್ಮೂರಿನ ಹಕ್ಕಿಗಳು ಗೂಡಿಗೆ ಕಡ್ಡಿ ಆಯುವ ಕಾಲ ಫೆಬ್ರುವರಿ–ಮಾರ್ಚ್. ಪರೀಕ್ಷೆಯ ಗಡಿಬಿಡಿಯ ನಡುವೆಯೂ ಒಂದು ಭಾನುವಾರದ ಮುಂಜಾನೆಯನ್ನು ಕೆರೆಯ ಬಳಿ ಕಳೆದ ಮಕ್ಕಳ ಜೊತೆ ಒಂದು ಸುತ್ತು.

ಬೆಳಗಿನ ಆರೂಕಾಲು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕೆರೆಯ ನೀರಿನ ಮೇಲೆ ತೆಳುವಾಗಿ ಮಂಜು ಕಟ್ಟಿತ್ತು. ಸ್ವೆಟರು ತೊಟ್ಟು, ಕಿವಿಗೆ ಮಫ್ಲರು ಸುತ್ತಿಕೊಂಡ ಹದಿನೆಂಟು ಮಕ್ಕಳು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಪುಟ್ಟ ನೋಟ್‌ಬುಕ್ಕು, ಒಂದೊಂದು ಪೆನ್ಸಿಲ್ಲು. ಇಡೀ ಗುಂಪಿಗೆ ಇದ್ದ ದುರ್ಬೀನು ನಾಲ್ಕೇ.

‘ಶ್... ಇನ್ನು ಮಾತು ಬೇಡ’ ಎಂದು ಮೇಷ್ಟರು ತುಟಿಯ ಮೇಲೆ ಬೆರಳಿಟ್ಟರು. ಮಕ್ಕಳು ಸುಮ್ಮನಾದರು. ಆದರೆ ಕೆರೆ ಸುಮ್ಮನಿರಲಿಲ್ಲ. ಜೊಂಡಿನ ಒಳಗಿಂದ ಹುಂಡುಕೋಳಿಯ ಕೂಗು, ನೀರಿನ ನಡುವಿನಿಂದ ನಾಮದ ಕೋಳಿಗಳ ಕಿತ್ತಾಟ, ಹಿಂದಿನ ಅರಳಿಮರದಿಂದ ಕಂಚುಗಾರ ಹಕ್ಕಿಯ ಬಿಡುವಿಲ್ಲದ ‘ಟುಕ್ ಟುಕ್ ಟುಕ್’. ಯಾರೋ ಪಾತ್ರೆ ಬಡಿಯುತ್ತಿದ್ದಾರೆಂದೇ ಒಬ್ಬ ಹುಡುಗ ತಿರುಗಿ ನೋಡಿದ. ಹಕ್ಕಿ ನೋಡುವುದೆಂದರೆ ಮೊದಲು ಹಕ್ಕಿ ಕೇಳುವುದು ಎಂಬ ಪಾಠ ಹೀಗೆ ಯಾರೂ ಹೇಳಿಕೊಡದೆ ಮುಗಿಯಿತು.

ಗುಂಪಿನಲ್ಲಿ ಒಬ್ಬ ತಂದೆಯೂ ಇದ್ದರು. ಹತ್ತನೇ ತರಗತಿಯ ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಸ್ಕೂಟರಿನಲ್ಲಿ ತಾವೇ ಕರೆತಂದಿದ್ದರು. ಮೇಷ್ಟರ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು: ‘ಮುಂದಿನ ತಿಂಗಳು ಪರೀಕ್ಷೆ ಸಾರ್. ಈಗ ಹಕ್ಕಿ ನೋಡಿದ್ರೆ ಮಾರ್ಕ್ಸ್ ಬರುತ್ತಾ?’

ಮೇಷ್ಟರು ನಕ್ಕರು. ‘ಎರಡು ಗಂಟೆ ಅಷ್ಟೆ. ಎಂಟೂವರೆಗೆ ಮನೆ ಸೇರ್ತಾಳೆ. ಅಲ್ಲೀತನಕ ನೀವೂ ಎಣಿಸೋಕೆ ಬನ್ನಿ’ ಎಂದರು.

ಎಣಿಸುವುದೇ? ಹಕ್ಕಿಯನ್ನು ನೋಡಿ ಸಂತೋಷಪಡುವುದು ಸರಿ, ಎಣಿಸುವುದು ಏಕೆ? ಆ ತಂದೆಯ ಮುಖದಲ್ಲಿದ್ದ ಪ್ರಶ್ನೆ ನಿಮ್ಮಲ್ಲೂ ಇರಬಹುದು. ಉತ್ತರಕ್ಕೆ ಮುನ್ನ ಕೆರೆಯತ್ತ ಒಮ್ಮೆ ನೋಡೋಣ.

ಒಂದೇ ಕೆರೆ, ಹಲವು ಪಂಕ್ತಿ

ನಮ್ಮ ಬಯಲುಸೀಮೆಯ ಕೆರೆಗಳನ್ನು ಕಟ್ಟಿದವರು ಹಕ್ಕಿಗಳಿಗಾಗಿ ಕಟ್ಟಲಿಲ್ಲ. ಗದ್ದೆಗೆ ನೀರು, ದನಕ್ಕೆ ನೀರು, ಬಾವಿಗೆ ಒರತೆ, ಇಷ್ಟೇ ಅವರ ಲೆಕ್ಕ. ಆದರೆ ಕೆರೆಯ ರೂಪವೇ ಹಕ್ಕಿಗಳಿಗೆ ಹೇಳಿ ಮಾಡಿಸಿದಂತಿದೆ. ಏರಿಯ ಬುಡದಲ್ಲಿ, ತೂಬಿನ ಬಳಿ ಆಳ. ಅಲ್ಲಿಂದ ಹಿನ್ನೀರಿನ ಕಡೆಗೆ ಹೋದಂತೆ ನೀರು ತೆಳುವಾಗುತ್ತಾ ಮೊಣಕಾಲುದ್ದ, ಪಾದದುದ್ದ, ಕೊನೆಗೆ ಬರಿಯ ಕೆಸರು. ಅದರಾಚೆ ಹುಲ್ಲು. ಒಂದೊಂದು ಆಳಕ್ಕೆ ಒಂದೊಂದು ಬಗೆಯ ಕಾಲು, ಒಂದೊಂದು ಬಗೆಯ ಕೊಕ್ಕು. ಮದುವೆ ಮನೆಯ ಪಂಕ್ತಿಯಂತೆ ಯಾರ ಎಲೆ ಎಲ್ಲಿ ಎಂಬುದು ಮೊದಲೇ ಗೊತ್ತು.

ಆಳದ ನೀರಿನಲ್ಲಿ ಗುಳುಮುಳುಕ ಮುಳುಗಿ, ಎಣಿಸುತ್ತಾ ಕುಳಿತ ಮಕ್ಕಳನ್ನು ಏಮಾರಿಸಿ ಇನ್ನೆಲ್ಲೋ ಏಳುತ್ತದೆ. ನೀರುಕಾಗೆಗಳದೂ ಅದೇ ಜಾಗ. ನೀರಿನಿಂದ ಕತ್ತು ಮಾತ್ರ ಹೊರಹಾಕಿ ಈಜುವ ಹಾವಕ್ಕಿಯನ್ನು ಕಂಡು ‘ಹಾವು, ಹಾವು’ ಎಂದು ಒಬ್ಬಳು ಹೌಹಾರಿದ್ದೂ ಆಯಿತು. ಹಾವಕ್ಕಿಯ ಚೂಪು ಕೊಕ್ಕು ಮೀನನ್ನು ಭರ್ಜಿಯಂತೆ ಚುಚ್ಚುತ್ತದೆ. ಬಾತುಗಳ ಗರಿಯಂತೆ ಇದರ ಗರಿ ನೀರನ್ನು ತಡೆಯುವುದಿಲ್ಲ. ನೀರು ಹೀರಿಕೊಂಡು ಮೈ ಭಾರವಾಗುತ್ತದೆ. ಮುಳುಗಲು ಅದೇ ಅನುಕೂಲ. ಹೊರಬಂದ ಮೇಲೆ ಮಾತ್ರ ಮರದ ಕೊರಡಿನ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸಲೇಬೇಕು.

ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಮುಖ, ಬಾಲದ ಬಳಿ ಕುಂಕುಮ ಕಲಸಿದಂಥ ಗುಲಾಬಿ. ಇವು ಕಣ್ಣಿನಿಂದ ಮೀನು ಹುಡುಕುವುದು ಕಡಿಮೆ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿಟ್ಟು, ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತವೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ರಾಡಿ ನೀರಿನಲ್ಲೂ ಇವು ಉಪವಾಸ ಬೀಳದಿರುವ ಗುಟ್ಟು ಇದೇ. ಪಕ್ಕದಲ್ಲೇ ಬಾಯ್ಕಳಕ. ಅದರ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಉಳಿದಿರುತ್ತದೆ. ಬಸವನಹುಳು ಅದರ ಮುಖ್ಯ ಆಹಾರ. ಚಮಚದ ಕೊಕ್ಕಿನ ಹಕ್ಕಿಯಾದರೋ ಕುಡುಗೋಲು ಬೀಸಿದಂತೆ ಕೊಕ್ಕನ್ನು ಅತ್ತಿಂದಿತ್ತ ಆಡಿಸುತ್ತಾ ಮುನ್ನಡೆಯುತ್ತದೆ. ಮೂರೂ ಒಂದೇ ನೀರಿನಲ್ಲಿದ್ದರೂ ಒಂದರ ತುತ್ತಿಗೆ ಇನ್ನೊಂದು ಅಷ್ಟಾಗಿ ಕೈಹಾಕುವುದಿಲ್ಲ.

ತಾವರೆ, ನೈದಿಲೆಯ ಎಲೆಗಳ ಮೇಲೆ ದೇವನಕ್ಕಿ. ಉದ್ದನೆಯ ಬೆರಳುಗಳಿಂದಾಗಿ ಅದರ ಭಾರ ಹಂಚಿಹೋಗಿ, ಎಲೆ ಮುಳುಗುವುದಿಲ್ಲ. ಪುಸ್ತಕದ ಚಿತ್ರದಲ್ಲಿ ಉದ್ದ ಬಾಲ, ಇಲ್ಲಿ ಬಾಲವೇ ಇಲ್ಲ. ‘ಇದು ಬೇರೆ ಹಕ್ಕಿ ಸಾರ್’ ಎಂದು ಮಕ್ಕಳು ವಾದಕ್ಕಿಳಿದರು. ಹಕ್ಕಿ ಅದೇ. ಉದ್ದಬಾಲದ ದೇವನಕ್ಕಿಗೆ ಆ ಬಾಲ ಮೂಡುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಚಳಿಗಾಲದಲ್ಲಿ ಅದು ಅಲಂಕಾರ ಕಳಚಿಟ್ಟ ನಟನಂತೆ ಸಾದಾ. ಪುಸ್ತಕದಲ್ಲಿರುವುದು ಒಂದು ದಿನದ ಚಿತ್ರ. ಕೆರೆಯಲ್ಲಿರುವುದು ವರ್ಷದ ಹಕ್ಕಿ. ಹೀಗಾಗಿ ಯಾವ ತಿಂಗಳಲ್ಲಿ ಏನು ಕಂಡಿತು ಎಂದು ದಿನಾಂಕದೊಂದಿಗೆ ಬರೆಯದಿದ್ದರೆ ಕಂಡದ್ದು ಅರ್ಧವೇ.

ಹೊರಡುವವರು, ಗೂಡು ಕಟ್ಟುವವರು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಟುಹೋಗುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಚಳಿಯ ಜೊತೆಗೆ ಹೊರಡಲು ಗಂಟುಮೂಟೆ ಕಟ್ಟುವವರು ಕೆರೆಯಲ್ಲೂ ಇದ್ದಾರೆ. ಸೂಜಿಬಾಲದ ಬಾತು, ಕಣ್ಣಿನ ಮೇಲೆ ಬಿಳಿ ಹುಬ್ಬು ಬರೆದಂತಿರುವ ಪುಟ್ಟ ಬಾತು, ಕೆಸರಂಚಿನಲ್ಲಿ ಬಾಲ ಕುಣಿಸುವ ಸಿಪಿಲೆ, ಗೊರವ, ತಂತಿಯ ಮೇಲೆ ಸಾಲುಗಟ್ಟಿ ಕೂರುವ ಅಂಬರಗುಬ್ಬಿ – ಇವರೆಲ್ಲ ಹಿಮಾಲಯದಿಂದ, ಮಧ್ಯ ಏಷ್ಯಾದಿಂದ, ಸೈಬೀರಿಯಾದಿಂದ ಬಂದ ನೆಂಟರು. ಮಳೆಗಾಲ ಮುಗಿಯುತ್ತಿದ್ದಂತೆ ಬಂದವರು ಮಾರ್ಚ್–ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತಾರೆ.

ಇವುಗಳಿಗೆ ಪಂಚಾಂಗ ಹೇಳುವವರು ಯಾರು? ಮುಖ್ಯವಾಗಿ ಹಗಲಿನ ಉದ್ದ. ಸಂಕ್ರಾಂತಿಯ ನಂತರ ಹಗಲು ದೀರ್ಘವಾಗುವುದನ್ನು ಹಕ್ಕಿಯ ದೇಹ ಗುರುತಿಸುತ್ತದೆ. ಹಸಿವು ಹೆಚ್ಚುತ್ತದೆ, ಚರ್ಮದಡಿಯಲ್ಲಿ ಕೊಬ್ಬು ಕೂಡುತ್ತದೆ. ಸಾವಿರಾರು ಕಿಲೋಮೀಟರ್ ಹಾರಲು ಅದೇ ಪೆಟ್ರೋಲು. ಆದ್ದರಿಂದಲೇ ಫೆಬ್ರುವರಿಯಲ್ಲಿ ಬಾತುಗಳನ್ನು ಕಲ್ಲೆಸೆದು ಎಬ್ಬಿಸುವುದು ತಮಾಷೆಯಲ್ಲ. ಒಂದೊಂದು ಸಲ ಎದ್ದು ಸುತ್ತು ಹಾಕಿದಾಗಲೂ ಪ್ರಯಾಣಕ್ಕೆ ಕೂಡಿಟ್ಟದ್ದರಲ್ಲಿ ಒಂದಿಷ್ಟು ಖರ್ಚಾಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮರಳುವಾಗ ಹಿಮಾಲಯವನ್ನೇ ದಾಟಬೇಕು. ಮಂಗೋಲಿಯದಲ್ಲಿ ಕತ್ತಿಗೆ ಸಂಖ್ಯೆಯ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿತು.

ಒಂದು ಕಡೆ ಬೀಳ್ಕೊಡುಗೆ. ಇನ್ನೊಂದು ಕಡೆ ಗೃಹಪ್ರವೇಶದ ಸಿದ್ಧತೆ. ಕೆರೆಯ ನೀರು ಇಳಿಯುತ್ತಾ ಬಂದಂತೆ ಮೀನುಗಳು ಕಡಿಮೆ ನೀರಿನಲ್ಲಿ ಒತ್ತೊತ್ತಾಗಿ ಸಿಗುತ್ತವೆ. ಕೊಕ್ಕರೆಗಳಿಗೆ ಮರಿ ಸಾಕಲು ಇದೇ ಸುಗ್ಗಿ. ತುಮಕೂರು ಜಿಲ್ಲೆಯವರಿಗೆ ಇದನ್ನು ನೋಡಲು ದೂರ ಹೋಗಬೇಕಿಲ್ಲ. ಸಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಮನೆಗಳ ನಡುವಿನ ಹುಣಸೆಮರಗಳಲ್ಲೇ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಸಂಸಾರ ಹೂಡುತ್ತವೆ. ಕೆಳಗೆ ದನ ಕಟ್ಟಿರುತ್ತದೆ, ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಮರಿಗಳ ಗದ್ದಲ.

ಇಲ್ಲೊಂದು ನದಿಯ ಕಥೆಯೂ ಸೇರಿಕೊಂಡಿದೆ. ತುಮಕೂರಿನ ಬಳಿಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮದ್ದೂರಿನ ಕಡೆಗೆ ಹರಿದು ಕಾವೇರಿ ಸೇರುತ್ತದೆ. ಅದು ಹುಟ್ಟುವ ಬೆಟ್ಟದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ವಾಸಿಸುತ್ತದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಣದ ಹಕ್ಕಿ ಇದು. ಅದೇ ನದಿ ಕೆಳಗೆ ಮದ್ದೂರು ತಾಲ್ಲೂಕಿನಲ್ಲಿ ಹಾದುಹೋಗುವ ಜಾಗಕ್ಕೆ ಸಮೀಪದಲ್ಲೇ ಕೊಕ್ಕರೆ ಬೆಳ್ಳೂರು. ಕೊತ್ತಗೆರೆ, ಕುಣಿಗಲ್ ಸೀಮೆಯ ಕೆರೆಗಳೆಲ್ಲ ಈ ಎರಡು ತುದಿಗಳ ನಡುವೆ, ದಾರಿಯಲ್ಲಿ ಸಿಗುವ ಛತ್ರಗಳಂತಿವೆ. ಕುಣಿಗಲ್ ಕೆರೆಯ ಜನಪದ ಗೀತೆ ಕೇಳದ ಕನ್ನಡಿಗರು ಕಡಿಮೆ. ಆ ಕೆರೆಯ ಹಕ್ಕಿಗಳನ್ನು ಕುಳಿತು ನೋಡಿದವರು ಎಷ್ಟು ಮಂದಿ?

ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹಕ್ಕಿ ಕೂತ ಹುಣಸೆಮರದ ಫಸಲು ಮಾಲೀಕನ ಕೈಗೆ ಬರುವುದು ಕಡಿಮೆ. ಆದರೂ ಮನೆಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಪಾಡಿಕೊಂಡು ಬಂದರು. ಮರದಡಿಯ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರವೂ ಆಯಿತು. ಮುಂದೆ ಊರಿನ ಯುವಕರದೇ ‘ಹೆಜ್ಜಾರ್ಲೆ ಬಳಗ’ ಹುಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕತೊಡಗಿತು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಹತ್ತಾರು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳ ಬಾಧೆ ಕಂಡುಬಂತು. ಎಲ್ಲೋ ಕಾಡಿನ ನಡುವಿನ ಕೆರೆಯಾಗಿದ್ದರೆ ಈ ಸಾವುಗಳು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಇಲ್ಲಿ ಸಿಕ್ಕವು, ಏಕೆಂದರೆ ಇಲ್ಲಿ ನೋಡುವವರಿದ್ದರು.

‘ತುಂಬಾ’ ಎಂದರೆ ಎಷ್ಟು?

ಮತ್ತೆ ಏರಿಗೆ ಬರೋಣ. ಏಳು ಗಂಟೆಯ ಹೊತ್ತಿಗೆ ಮಂಜು ಕರಗಿ, ಹಿನ್ನೀರಿನಲ್ಲಿ ತೇಲುತ್ತಿದ್ದ ಬಾತುಗಳ ಹಿಂಡು ಸ್ಪಷ್ಟವಾಯಿತು. ‘ಎಷ್ಟಿವೆ?’ ಎಂದರು ಮೇಷ್ಟರು.

‘ಐನೂರು!’ ಎಂದ ಒಬ್ಬ. ‘ಐವತ್ತು’ ಎಂದಳು ಇನ್ನೊಬ್ಬಳು. ‘ತುಂಬಾ ಇವೆ ಸಾರ್’ ಎಂದು ಉಳಿದವರು ತೀರ್ಪು ಕೊಟ್ಟರು.

ಮೇಷ್ಟರು ಉಪಾಯ ಹೇಳಿಕೊಟ್ಟರು. ಹಿಂಡಿನ ಒಂದು ತುದಿಯಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ಜಾಗಗಳು ಹಿಂಡಿನ ಇನ್ನೊಂದು ತುದಿಯವರೆಗೆ ಎಷ್ಟು ಎಂದು ಅಳೆಯಿರಿ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ. ಮೂವರು ಬೇರೆ ಬೇರೆಯಾಗಿ ಎಣಿಸಿ, ಆಮೇಲೆ ನೋಡೋಣ.

ಮೂರು ಗುಂಪು ಎಣಿಸಿದವು. 110, 130, 120. ಐನೂರೂ ಅಲ್ಲ, ಐವತ್ತೂ ಅಲ್ಲ. ಹುಡುಗ ತಲೆ ಕೆರೆದುಕೊಂಡ. ‘ನಂಗೆ ಐನೂರು ಅನ್ನಿಸಿತ್ತು’ ಎಂದ. ಅನ್ನಿಸುವುದಕ್ಕೂ ಇರುವುದಕ್ಕೂ ನಡುವಿನ ಅಂತರ ಅವನಿಗೆ ಅಂದು ಕಂಡಿತು. ವಿಜ್ಞಾನದ ಪುಸ್ತಕದಲ್ಲಿ ಮಾಪನ, ದೋಷ, ಸರಾಸರಿ ಎಂದೆಲ್ಲ ಓದುವುದು ಇದನ್ನೇ. ಮಗಳ ಜೊತೆ ಬಂದಿದ್ದ ತಂದೆ ಮೂರನೆಯ ಗುಂಪಿನಲ್ಲಿ ಸೇರಿಕೊಂಡು ಬೆರಳು ಮಡಿಚುತ್ತಿದ್ದುದನ್ನು ನಾನು ಗಮನಿಸಿದೆ.

ಅಷ್ಟರಲ್ಲಿ ಹಸು ಅಟ್ಟಿಕೊಂಡು ಬಂದ ಹಿರಿಯರೊಬ್ಬರು ನಿಂತರು. ‘ಏನ್ ನೋಡ್ತಿದ್ದೀರ ಮಕ್ಳಾ?’

‘ಬಾತು ಎಣಿಸ್ತಿದ್ದೀವಿ ತಾತ.’

‘ಅಯ್ಯೋ, ಇದೇನು ಬಾತು! ನಾನು ಹುಡುಗ ಆಗಿದ್ದಾಗ್ಲಿಂದ ನೋಡ್ತಿವ್ನಿ. ಆಗ ಕೆರೆ ನೀರೇ ಕಾಣ್ತಿರ್ಲಿಲ್ಲ, ಅಷ್ಟು ಬರ್ತಿದ್ವು.’

‘ಅಷ್ಟು ಅಂದ್ರೆ ಎಷ್ಟು ತಾತ?’ ಎಂದಳು ಹತ್ತನೇ ತರಗತಿಯ ಹುಡುಗಿ, ಪೆನ್ಸಿಲ್ಲು ಹಿಡಿದು.

ತಾತ ಕೈ ಅಗಲಿಸಿ ತೋರಿಸಿದರು. ‘ತುಂಬಾ’ ಎಂದರು.

ಆ ಮಾತು ನನಗೆ ನಾಟಿತು. ಏಕೆಂದರೆ ನನ್ನದೂ ಅದೇ ಕಥೆ. ವಿದ್ಯಾರ್ಥಿಯಾಗಿದ್ದಾಗ ಎಷ್ಟೋ ಕೆರೆಗಳ ಏರಿಯ ಮೇಲೆ ಎಷ್ಟೋ ಮುಂಜಾನೆಗಳನ್ನು ಕಳೆದಿದ್ದೇನೆ. ಆ ಕೆರೆಗಳಲ್ಲಿ ಕೆಲವು ಇಂದು ಬಡಾವಣೆಗಳಾಗಿವೆ, ಕೆಲವು ಕೊಳಚೆಯ ಮಡುಗಳಾಗಿವೆ. ‘ಮುಂಚೆ ಎಷ್ಟು ಹಕ್ಕಿ ಬರ್ತಿದ್ವು?’ ಎಂದು ಮಕ್ಕಳು ಕೇಳಿದರೆ ನನ್ನ ಬಳಿಯೂ ಇರುವ ಉತ್ತರ ಅದೊಂದೇ: ತುಂಬಾ. ಅಂದು ಒಂದು ಸಾಲು ಬರೆದಿಡಲಿಲ್ಲ. ದಿನಾಂಕವಿಲ್ಲ, ಸಂಖ್ಯೆಯಿಲ್ಲ. ಕಂಡದ್ದೆಲ್ಲ ನನ್ನೊಂದಿಗೇ ಮುಗಿಯುತ್ತದೆ. ಕೆರೆಯನ್ನು ಉಳಿಸಿ ಎಂದು ಪಂಚಾಯಿತಿಯ ಮುಂದೆ ನಿಂತವನ ಕೈಯಲ್ಲಿ ‘ತುಂಬಾ’ ಎಂಬ ಪದಕ್ಕೆ ಯಾವ ಬೆಲೆಯೂ ಇಲ್ಲ. ಹಕ್ಕಿಗಳನ್ನು ಏಕೆ ಎಣಿಸಬೇಕು ಎಂಬ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟೆ.

ಸಾಮಾನ್ಯರ ನೋಟ್‌ಬುಕ್ಕು ಮಾಡಿದ ಕೆಲಸ

ಇದು ದೊಡ್ಡ ವಿಜ್ಞಾನಿಗಳ ಕೆಲಸ, ಶಾಲೆಯ ಮಕ್ಕಳದ್ದಲ್ಲ ಎನ್ನುವಿರಾ? ಭಾರತದ ಹಕ್ಕಿಗಳ ಅಧ್ಯಯನಕ್ಕೆ ಇನ್ನೊಂದು ಹೆಸರೇ ಆಗಿಹೋದ ಸಲೀಂ ಅಲಿಯವರ ದಾರಿ ಆರಂಭವಾದದ್ದು ಶಾಲಾಬಾಲಕನ ಕುತೂಹಲದಿಂದ. ಆಟಿಕೆ ಬಂದೂಕಿನಿಂದ ಹೊಡೆದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಹುಡುಗ ಅವರು. ಅಲ್ಲಿನ ಮಿಲ್ಲಾರ್ಡ್ ಎಂಬ ಅಧಿಕಾರಿ ಗದರಿ ಕಳಿಸಲಿಲ್ಲ. ಕಪಾಟು ತೆರೆದು ತೋರಿಸಿದರು, ಟಿಪ್ಪಣಿ ಬರೆಯುವುದನ್ನು ಕಲಿಸಿದರು. ಅದೇ ಹುಡುಗ ದೊಡ್ಡವರಾಗಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಂದು ಬರೆದಿಟ್ಟದ್ದರಿಂದಲೇ ಇಂದು ಹೋಲಿಸಿ ನೋಡಲು ನಮಗೊಂದು ಆಧಾರವಿದೆ.

ಗುಂಪಾಗಿ ಹಕ್ಕಿ ನೋಡುವ ಪದ್ಧತಿಯೂ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೆಯ ಭಾನುವಾರ ಮುಂಜಾನೆ ಹಕ್ಕಿ ನೋಡುವವರು ಸೇರುವ ರೂಢಿ 1970ರ ದಶಕದ ಆರಂಭದಲ್ಲೇ ಶುರುವಾಯಿತು. ಡಾ. ಜೋಸೆಫ್ ಜಾರ್ಜ್ ಮತ್ತು ಸಂಗಡಿಗರು ಕಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ಬಿನ ಬಳುವಳಿ ಅದು. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ತೋರಿಸುವುದು, ಕೊನೆಗೆ ಎಲ್ಲರೂ ಸೇರಿ ಪಟ್ಟಿ ಓದುವುದು. ಅಂಥ ಭಾನುವಾರಗಳಲ್ಲಿ ಮೊದಲ ಹಕ್ಕಿ ಕಂಡ ಎಷ್ಟೋ ಹುಡುಗರು ಮುಂದೆ ಅದನ್ನೇ ಬದುಕಿನ ಹವ್ಯಾಸ ಮಾಡಿಕೊಂಡರು.

ಫೆಬ್ರುವರಿಯ ನಡುವೆ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಎಣಿಕೆ ಜಗತ್ತಿನಾದ್ಯಂತ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದರಲ್ಲಿ 2013ರಿಂದ ಭಾರತದವರೂ ಪಾಲ್ಗೊಳ್ಳುತ್ತಿದ್ದಾರೆ. ಶಾಲೆ, ಕಾಲೇಜುಗಳ ಆವರಣಕ್ಕೆಂದೇ ಒಂದು ಎಣಿಕೆಯೂ ಇದರ ಭಾಗವಾಗಿದೆ. ನಿಯಮ ಸರಳ. ಒಂದು ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳ ಹೆಸರು ಮತ್ತು ಸಂಖ್ಯೆ ಬರೆದು ‘ಇ-ಬರ್ಡ್’ ಎಂಬ ಕಣಜಕ್ಕೆ ಸೇರಿಸುವುದು. ಕಾಗೆ, ಗೊರವಂಕ, ಪಾರಿವಾಳ ಕಂಡರೂ ಬರೆಯಬೇಕು. ಅಪರೂಪದ್ದು ಮಾತ್ರ ಹಕ್ಕಿ ಎಂಬ ಪಂಕ್ತಿಭೇದ ಇಲ್ಲಿಲ್ಲ.

ಹನಿಹನಿ ಕೂಡಿ ಹಳ್ಳ ಎನ್ನುವಂತೆ ಈ ಪಟ್ಟಿಗಳು ಏನಾದವು ನೋಡಿ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರ ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳು. ಇವರಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ಗೃಹಿಣಿಯರು, ನಿವೃತ್ತರು ಎಲ್ಲರೂ ಇದ್ದಾರೆ. ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳ ರಕ್ಷಣೆಗೆ ಹೆಚ್ಚಿನ ಆದ್ಯತೆ ಬೇಕು ಎಂದಿತು.

ಆ ವರದಿ ಕರ್ನಾಟಕದವರನ್ನು ಬೆಚ್ಚಿಬೀಳಿಸಬೇಕಾದ ಒಂದು ಸಂಗತಿಯನ್ನೂ ಹೇಳಿತು. ಶೇಕಡಾ 30ಕ್ಕಿಂತ ಹೆಚ್ಚು ಇಳಿಕೆ ಕಂಡ, ಜಾಗತಿಕ ಮಟ್ಟದಲ್ಲಿ ಮರುಪರಿಶೀಲನೆ ಆಗಬೇಕಾದ ಹಕ್ಕಿಗಳ ಸಾಲಿನಲ್ಲಿ ನೀಲಕಂಠವೂ ಇದೆ. ಅದು ನಮ್ಮ ರಾಜ್ಯಪಕ್ಷಿ! ಹೊಲದ ಬದುವಿನ ತಂತಿಯ ಮೇಲೆ ಕುಳಿತು ಮಿಡತೆ ಹಿಡಿಯುವ, ಹಾರಿದಾಗ ರೆಕ್ಕೆಯಲ್ಲಿ ನೀಲಿಯ ಬೆರಗು ತೆರೆಯುವ ಈ ಹಕ್ಕಿ ಎಲ್ಲೆಲ್ಲೂ ಕಾಣುವಂಥದೆಂದೇ ನಾವು ನಂಬಿದ್ದೆವು. ಎಲ್ಲೆಲ್ಲೂ ಇರುವುದು ಕಡಿಮೆಯಾದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ನಿನ್ನೆ ಮೂರು ಇದ್ದವು, ಇಂದು ಎರಡು. ವ್ಯತ್ಯಾಸ ಯಾರಿಗೆ ತಿಳಿಯುತ್ತದೆ? ಸಾವಿರಾರು ಜನರ ಸಾವಿರಾರು ಪಟ್ಟಿಗಳನ್ನು ಒಟ್ಟಿಗಿಟ್ಟಾಗ ಮಾತ್ರ ಅದು ಕಂಡಿತು.

ಅಂದು ಕೊತ್ತಗೆರೆಯಲ್ಲೂ ಒಂದು ನೀಲಕಂಠ ಕಂಡಿತು. ಕೆರೆಯಾಚೆ ರಾಗಿ ಕೊಯ್ದ ಹೊಲದ ತಂತಿಯ ಮೇಲೆ ಒಂಟಿಯಾಗಿ ಕುಳಿತಿತ್ತು. ಮಕ್ಕಳು ಬರೆದುಕೊಂಡರು: ‘ನೀಲಕಂಠ – 1’. ಆ ಒಂದು ಎಂಬ ಅಂಕಿಯನ್ನು ನಾನು ಬಹಳ ಹೊತ್ತು ನೋಡಿದೆ.

ಪರೀಕ್ಷೆಯ ಮಾತು

ಎಂಟು ಗಂಟೆಗೆ ಎಲ್ಲರೂ ಹೊಂಗೆಮರದಡಿ ಕುಳಿತರು. ಬುತ್ತಿಗಳು ಬಿಚ್ಚಿಕೊಂಡವು, ಚಿತ್ರಾನ್ನ, ಇಡ್ಲಿ, ಒಬ್ಬರ ಮನೆಯ ರಾಗಿರೊಟ್ಟಿ. ತಿನ್ನುತ್ತಲೇ ಪಟ್ಟಿ ಓದಿದರು. ಒಬ್ಬರು ಹೆಸರು ಹೇಳುವುದು, ಕಂಡವರು ಕೈ ಎತ್ತುವುದು, ಸಂಖ್ಯೆ ಹೇಳುವುದು. ತರಗತಿಯಲ್ಲಿ ಹಾಜರಿ ಕೂಗಿದಂತೆಯೇ. ಗುರುತು ಸಿಗದ ಒಂದು ಕಂದು ಹಕ್ಕಿಯ ಮುಂದೆ ‘ಗೊತ್ತಾಗಲಿಲ್ಲ’ ಎಂದೇ ಬರೆದರು. ಅದಕ್ಕೆ ಮೇಷ್ಟರಿಂದ ‘ಭೇಷ್’ ಎಂಬ ಮೆಚ್ಚುಗೆ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದರೆ ಮೆಚ್ಚುಗೆ ಸಿಗುವ ಪರೀಕ್ಷೆ ಬಹುಶಃ ಇದೊಂದೇ.

ಪೋಷಕರ ಆತಂಕ ಸುಳ್ಳಲ್ಲ. ಈ ಎರಡು ಗಂಟೆಯಿಂದ ಅಂಕಪಟ್ಟಿಯಲ್ಲಿ ಎರಡಂಕ ಹೆಚ್ಚುತ್ತದೆ ಎಂದು ನಾನು ಹೇಳಲಾರೆ. ಆದರೆ ಅಂದು ಆ ಮಕ್ಕಳು ಮಾಡಿದ್ದೇನು? ಗಮನವಿಟ್ಟು ನೋಡಿದರು. ಎರಡು ಹಕ್ಕಿಗಳ ನಡುವಿನ ವ್ಯತ್ಯಾಸ ಹುಡುಕಿದರು. ಊಹೆ ಮಾಡಿ, ಎಣಿಸಿ, ಊಹೆ ತಪ್ಪೆಂದು ಒಪ್ಪಿಕೊಂಡರು. ಕಂಡದ್ದನ್ನು ಕಂಡಷ್ಟೇ ಬರೆದರು. ಎರಡು ಗಂಟೆ ಮೊಬೈಲಿನತ್ತ ಕೈ ಹೋಗಲಿಲ್ಲ. ಓದಿನ ನಡುವೆ ಬಿಡುವು ಬೇಕೇ ಬೇಕು. ಅದನ್ನು ಕೆರೆಯ ಗಾಳಿಯಲ್ಲಿ ಕಳೆದರೆ ನಷ್ಟವೇನೂ ಇಲ್ಲ.

ಹೊರಡುವಾಗ ಸ್ಕೂಟರಿನ ತಂದೆ ಮೇಷ್ಟರ ಬಳಿ ಮತ್ತೆ ಬಂದರು. ಈ ಸಲ ಪ್ರಶ್ನೆ ಬೇರೆ ಇತ್ತು. ‘ಈ ಪುಸ್ತಕ ಎಲ್ಲಿಡ್ತೀರಿ ಸಾರ್? ಇವಳು ಮುಂದಿನ ವರ್ಷ ಕಾಲೇಜಿಗೆ ಹೋಗ್ತಾಳೆ. ಆಗ ಎಣಿಸೋರು ಯಾರು?’

‘ಶಾಲೆಯ ಬೀರುವಿನಲ್ಲಿ ಇರುತ್ತೆ. ಈಗ ಎಂಟನೇ ತರಗತೀಲಿ ಇರೋರು ಎಣಿಸ್ತಾರೆ’ ಎಂದರು ಮೇಷ್ಟರು. ತುಸು ತಡೆದು, ‘ಅವರು ಬಂದ್ರೆ’ ಎಂದೂ ಸೇರಿಸಿದರು.

ನಿಜವಾದ ಪ್ರಶ್ನೆ ಅದೇ. ಒಂದು ದಿನದ ಎಣಿಕೆ ನೆನಪು ಮಾತ್ರ. ಅದೇ ಕೆರೆಯಲ್ಲಿ, ಅದೇ ವಾರದಲ್ಲಿ, ಹತ್ತು ವರ್ಷ ಎಣಿಸಿದರೆ ಅದು ಊರಿನ ದಾಖಲೆ. ಅದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ, ಕೈಯಿಂದ ಕೈಗೆ ದಾಟುವ ಒಂದು ನೋಟ್‌ಬುಕ್ಕು. ನಿಮ್ಮ ಊರಿಗೂ ಒಂದು ಕೆರೆ ಇದ್ದೀತು. ಶಾಲೆಯಲ್ಲಿ ಅಂಥದೊಂದು ಪುಸ್ತಕ ಇಲ್ಲದಿದ್ದರೆ ಬರುವ ಭಾನುವಾರ ಅದರ ಮೊದಲ ಪುಟ ಬರೆಯಿರಿ. ದಿನಾಂಕ ಹಾಕಲು ಮರೆಯಬೇಡಿ.

ಹೊರಡುವ ಮುನ್ನ

• ಸೂರ್ಯೋದಯದ ಹೊತ್ತಿಗೆ ಕೆರೆ ಸೇರಿ. ಮೊದಲ ಎರಡು ಗಂಟೆಗಳೇ ಒಳ್ಳೆಯ ಸಮಯ. ಸೂರ್ಯ ಬೆನ್ನ ಹಿಂದಿರುವಂತೆ ನಿಂತರೆ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ.

• ಮಣ್ಣಿನ, ಎಲೆಯ ಬಣ್ಣದ ಬಟ್ಟೆ ತೊಡಿ. ಹೊಳೆಯುವ ಬಟ್ಟೆ, ಸುಗಂಧ, ಜೋರು ಮಾತು ಬೇಡ.

• ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟು ಹಿಗ್ಗಿಸುವ, 40 ಅಥವಾ 42 ಮಿಲಿಮೀಟರ್ ಗಾಜಿನದು ಸಾಕು. ಇಲ್ಲದಿದ್ದರೂ ಚಿಂತೆಯಿಲ್ಲ, ಕಣ್ಣು ಕಿವಿ ಇದ್ದರಾಯಿತು. ದುರ್ಬೀನಿನಿಂದ ಸೂರ್ಯನನ್ನು ಎಂದೂ ನೋಡಬಾರದು.

• ಎಂಟು–ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. ಯಾರೂ ನೀರಿಗೆ ಇಳಿಯಬಾರದು. ಹೂಳು, ಮಣ್ಣು ತೆಗೆದ ಗುಂಡಿಗಳು ನೀರಿನಡಿಯಲ್ಲಿ ಕಾಣುವುದಿಲ್ಲ.

• ಮಾರ್ಚ್ ಬಂತೆಂದರೆ ಟಿಟ್ಟಿಭ ಬರಿಯ ನೆಲದ ಮೇಲೆ ಕಲ್ಲಿನಂತೆಯೇ ಕಾಣುವ ಮೊಟ್ಟೆ ಇಡಲು ಆರಂಭಿಸುತ್ತದೆ. ಹಕ್ಕಿ ಕೂಗುತ್ತಾ ಸುತ್ತು ಹಾಕಿದರೆ ಗೂಡು ಹತ್ತಿರದಲ್ಲಿದೆ ಎಂದರ್ಥ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಗೂಡಿನ ಫೋಟೋ ಬೇಡ.

• ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯಬೇಡಿ. ಅದು ಎದುರಾಳಿ ಬಂತೆಂದು ಗೂಡು ಬಿಟ್ಟು ಬರುತ್ತದೆ.

• ಹೆಸರು ತಿಳಿಯಲು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಜೊತೆಗಿರಲಿ. ಊರಿನ ಹಿರಿಯರು ಹೇಳುವ ಹೆಸರನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

• ಬರೆಯಬೇಕಾದದ್ದು ಆರೇ ಸಂಗತಿ: ದಿನಾಂಕ, ಸಮಯ, ಜಾಗ, ಹಕ್ಕಿಯ ಹೆಸರು, ಸಂಖ್ಯೆ, ಏನು ಮಾಡುತ್ತಿತ್ತು.